ಆಕ್ರಮಿತ ಪ್ರದೇಶಗಳ ಓವರ್‌ಪ್ರಿಂಟ್ ಸ್ಟಾಂಪು: ಅಸಲಿ ನಕಲಿ ನೋಡುವುದು ಎಲ್ಲಿಂದ ಶುರು ಮಾಡಬೇಕು?

ಅಣೆಪೈಸೆ:

ಮಾರಾಟಕ್ಕೆ ಬಂದಿರುವ ಸಣ್ಣ ಲಾಟೊಂದರ ಬಗ್ಗೆ ತಿಳಿದವರ ಅಭಿಪ್ರಾಯ ಬೇಕು. "ಯುದ್ಧಕಾಲದ ಆಕ್ರಮಣ ಓವರ್‌ಪ್ರಿಂಟ್, ಒಟ್ಟು 23" ಎಂದು ಪಟ್ಟಿಯಲ್ಲಿದೆ (ಓವರ್‌ಪ್ರಿಂಟ್ ಅಂದರೆ ಇದ್ದ ಸ್ಟಾಂಪಿನ ಮೇಲೆ ಆಮೇಲೆ ಒತ್ತಿದ ಅಕ್ಷರ ಅಥವಾ ಚಿತ್ರ). ಒಳಗಿರುವುದು:

– ಐದನೇ ಜಾರ್ಜ್ ತಲೆಯ ಭಾರತದ ಸ್ಟಾಂಪಿನ ಮೇಲೆ "ಐ.ಇ.ಎಫ್.": 6. ಅದರಲ್ಲಿ ಒಂದು 1 ಅಣೆಯದು, ಚಾಕೊಲೇಟ್ ಬಣ್ಣ. ಇನ್ನೊಂದರಲ್ಲಿ ಎಫ್ ಆದಮೇಲೆ ಚುಕ್ಕೆ ಇಲ್ಲ.
– "ಸಿ.ಇ.ಎಫ್.": 3. ಎರಡು ಭಾರತದ ಸ್ಟಾಂಪಿನ ಮೇಲೆ, ಮೂರನೆಯದು ಹಡಗಿನ ಚಿತ್ರ ಇರುವ ಯಾವುದೋ ಜರ್ಮನ್ ಸ್ಟಾಂಪಿನ ಮೇಲೆ.
– ತುರ್ಕಿ ಸ್ಟಾಂಪಿನ ಮೇಲೆ "ಇರಾಕ್ ಇನ್ ಬ್ರಿಟಿಷ್ ಆಕ್ಯುಪೇಶನ್": 5. ಅದೇ ರೀತಿ "ಬಗ್ದಾದ್" ಎಂದಿರುವುದು: 1, ಮೌಲ್ಯ 8 ಅಣೆ.
– ಬರ್ಮಾ ಸ್ಟಾಂಪಿನ ಮೇಲೆ ನವಿಲು: 6.
– ಮಲಯಾದ ಸ್ಟಾಂಪಿನ ಮೇಲೆ ಕೆಂಪು ಮತ್ತು ನೇರಳೆ ಚೌಕ ಠಸ್ಸೆ, ಒಳಗೆ ಜಪಾನಿ ಅಕ್ಷರ: 2.

ಒಂದು ವಾರ ಇಟ್ಟುಕೊಂಡು ನೋಡಿ ವಾಪಸ್ ಕೊಡಬಹುದು ಎಂದಿದ್ದಾರೆ. 10 ಪಟ್ಟಿನ ಭೂತಗನ್ನಡಿ, ಚಿಮಟ, ಸ್ಕ್ಯಾನರ್ ಇವೆ. ಮೂರು ಪ್ರಶ್ನೆ: ಯಾವ ಕ್ರಮದಲ್ಲಿ ಪರೀಕ್ಷಿಸಬೇಕು? ಕೆಲವು ಲಕೋಟೆ ತುಂಡಿನ ಮೇಲೇ ಇವೆ, ನೀರಲ್ಲಿ ನೆನೆಸಿ ಬಿಡಿಸಬಹುದೇ? ಮತ್ತೆ, ಊರು ಗೆದ್ದವರು ತಮ್ಮದೇ ಹೊಸ ಸ್ಟಾಂಪು ತರದೆ ಸೋತವರ ಸ್ಟಾಂಪಿನ ಮೇಲೆ ಯಾಕೆ ಒತ್ತುತ್ತಿದ್ದರು?

ಮೊಳೆಜೋಡಣೆ:

ಮೊದಲು ಓವರ್‌ಪ್ರಿಂಟನ್ನು ಮರೆತುಬಿಡಿ. ಕೆಳಗಿರುವ ಸ್ಟಾಂಪನ್ನು ನೋಡಿ.

ಇಡೀ ಸ್ಟಾಂಪನ್ನು ನಕಲು ಮಾಡುವುದು ಕಷ್ಟದ ಕೆಲಸ. ಅಸಲಿ ಸ್ಟಾಂಪಿನ ಮೇಲೆ ಮೂರು ಅಕ್ಷರ ಒತ್ತುವುದು ಸುಲಭ. ಹಾಗಾಗಿ ಈ ವಿಭಾಗದಲ್ಲಿ ಮೋಸವೆಲ್ಲ ಮೇಲಿನ ಮಸಿಯಲ್ಲೇ ಇರುತ್ತದೆ. ಆದರೆ ಮೋಸಗಾರ ಎಡವುವುದು ಬಹುತೇಕ ಕೆಳಗಿನ ಸ್ಟಾಂಪಿನಲ್ಲಿ: ಕೈಗೆ ಅಗ್ಗವಾಗಿ ಸಿಕ್ಕಿದ್ದನ್ನು ತಗೊಂಡು ಒತ್ತಿರುತ್ತಾನೆ, ಅದು ಆ ಕಾಲದ್ದೇ ಅಲ್ಲ ಅನ್ನುವುದು ಅವನಿಗೆ ಹೊಳೆದಿರುವುದಿಲ್ಲ.

ಐ.ಇ.ಎಫ್. ಎಂದರೆ ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್. 1914ರ ಸೆಪ್ಟೆಂಬರಿನಲ್ಲಿ ಬಂದದ್ದು, 3 ಪೈನಿಂದ 1 ರೂಪಾಯಿವರೆಗೆ ಹತ್ತು ಮೌಲ್ಯ. ಕೆಳಗಿನ ಸ್ಟಾಂಪು 1911ರಲ್ಲಿ ಶುರುವಾದ ಐದನೇ ಜಾರ್ಜ್ ಸರಣಿಯದೇ ಆಗಿರಬೇಕು. ಅದರ ವಾಟರ್‌ಮಾರ್ಕ್ (ಕಾಗದದೊಳಗೇ ಮೂಡಿರುವ ಗುರುತು) ಒಂಟಿ ನಕ್ಷತ್ರ, ಒಂದು ಸ್ಟಾಂಪಿಗೆ ಒಂದೇ ದೊಡ್ಡ ನಕ್ಷತ್ರ. 1926ರ ನಂತರ ನಾಸಿಕ್‌ನಲ್ಲಿ ಅಚ್ಚಾದವುಗಳಲ್ಲಿ ಹಲವು ಸಣ್ಣ ನಕ್ಷತ್ರಗಳು ಸಾಲುಸಾಲಾಗಿ ಇರುತ್ತವೆ. ಯಾವ ಸ್ಟಾಂಪು ತಿರುಗಿಸಿದರೂ ನಾಲ್ಕಾರು ನಕ್ಷತ್ರಗಳ ಭಾಗ ಕಾಣುತ್ತದೆ. ಅಂಥ ಹಲವು ನಕ್ಷತ್ರದ ಕಾಗದದ ಮೇಲೆ ಐ.ಇ.ಎಫ್. ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ನಿಮ್ಮ ಚಾಕೊಲೇಟ್ 1 ಅಣೆಗೆ ವಾಟರ್‌ಮಾರ್ಕ್ ಕೂಡ ಬೇಡ. 1914ರಲ್ಲಿ 1 ಅಣೆ ಕಡುಗೆಂಪು. ಚಾಕೊಲೇಟ್ ಬಣ್ಣಕ್ಕೆ ಬದಲಾದದ್ದು 1922ರಲ್ಲಿ. ಒಂದೇ ಎಚ್ಚರಿಕೆ: ಕೆಂಪು ಸ್ಟಾಂಪು ಗಾಳಿ-ತೇವಕ್ಕೆ ಸಿಕ್ಕಿ ಕಪ್ಪಿಟ್ಟು ಕಂದಾಗಿರುವುದೂ ಉಂಟು. ಹಗಲು ಬೆಳಕಿನಲ್ಲಿ ರೇಖೆ ತೆಳ್ಳಗಿರುವ ಕಡೆ, ತೂತಿನ ಅಂಚಿನ ಹತ್ತಿರ ನೋಡಿ. ಅಲ್ಲೂ ಕೆಂಪಿನ ಛಾಯೆ ಇಲ್ಲದಿದ್ದರೆ ಅದು 1922ರದ್ದೇ, ಮೇಲಿನ ಅಕ್ಷರ ಸುಳ್ಳು.

ಚುಕ್ಕೆ ಇಲ್ಲದ ಎಫ್ ನಿಜವಾದ ವೈವಿಧ್ಯ, ಕ್ಯಾಟಲಾಗಿನಲ್ಲೂ ಇದೆ. ಚುಕ್ಕೆಯ ಜಾಗದಲ್ಲಿ ಅಚ್ಚಿನ ಮೊಳೆ (ಅಕ್ಷರದ ಲೋಹದ ತುಂಡು) ಬಿದ್ದುಹೋಗಿಯೋ ಸವೆದೋ ಹೀಗಾಗುತ್ತದೆ. ಆದರೆ ಬ್ಲೇಡಿನಿಂದ ಚುಕ್ಕೆ ಕೆರೆದು "ಅಪರೂಪ" ಮಾಡುವವರೂ ಇದ್ದಾರೆ. ಟಾರ್ಚನ್ನು ಸ್ಟಾಂಪಿನ ಪಕ್ಕಕ್ಕೆ, ಹೆಚ್ಚುಕಡಿಮೆ ಮಟ್ಟಸವಾಗಿ ಹಿಡಿದು ನೋಡಿ; ಕೆರೆದಿದ್ದರೆ ಕಾಗದದ ನಾರು ಎದ್ದಿರುತ್ತದೆ, ಕೆಳಗಿನ ಸ್ಟಾಂಪಿನ ಬಣ್ಣದ ರೇಖೆಗಳೂ ಅಷ್ಟು ಜಾಗದಲ್ಲಿ ಮಸುಕಾಗಿರುತ್ತವೆ.

ಸಿ.ಇ.ಎಫ್. ವಿಷಯ: ಮಾರುವವರು ಮೂರನ್ನೂ ಒಟ್ಟಿಗೆ ಇಟ್ಟಿದ್ದು ತಪ್ಪು. ಭಾರತದ ಸ್ಟಾಂಪಿನ ಮೇಲಿರುವುದು ಚೈನಾ ಎಕ್ಸ್‌ಪೆಡಿಷನರಿ ಫೋರ್ಸ್. 1900ರಲ್ಲಿ ಬಾಕ್ಸರ್ ದಂಗೆ ಅಡಗಿಸಲು ಹೋದ ಭಾರತೀಯ ಪಡೆಗಾಗಿ ವಿಕ್ಟೋರಿಯಾ ಸ್ಟಾಂಪಿನ ಮೇಲೆ ಶುರುವಾಗಿ, ಏಳನೇ ಎಡ್ವರ್ಡ್ ದಾಟಿ, ಐದನೇ ಜಾರ್ಜ್‌ವರೆಗೂ ನಡೆಯಿತು. ಅಲ್ಲಿನ ಭಾರತೀಯ ಅಂಚೆ ಕಚೇರಿಗಳು ಮುಚ್ಚಿದ್ದು 1923ರಲ್ಲಿ. ಹಡಗಿನದ್ದು ಬೇರೆಯೇ ಖಂಡದ್ದು. ಅದು ಕೈಸರನ ವಿಹಾರನೌಕೆಯ ಚಿತ್ರವಿರುವ ಜರ್ಮನ್ ಕಮೆರೂನ್ ಸ್ಟಾಂಪು, ಮೇಲಿನ ಅಕ್ಷರ ಕ್ಯಾಮರೂನ್ಸ್ ಎಕ್ಸ್‌ಪೆಡಿಷನರಿ ಫೋರ್ಸ್. 1915ರ ಜುಲೈ 12ರಂದು ಹೊರಬಂತು. ಅಕ್ಷರದ ಜೊತೆ ಪೆನ್ಸ್ ಅಥವಾ ಶಿಲಿಂಗ್ ಮೌಲ್ಯವೂ ಒತ್ತಿರಬೇಕು. 10 ಫೆನ್ನಿಗ್ ಮೇಲೆ 1 ಪೆನ್ನಿ, 20ರ ಮೇಲೆ 2, ಹೀಗೆ. ಮೌಲ್ಯ ಇಲ್ಲದೆ ಬರೀ ಸಿ.ಇ.ಎಫ್. ಇದೆಯೇ? ನೋಡಿ ಹೇಳಿ.

ದಜ್ಲಾದಂಡೆ:

ಇರಾಕಿನ ಭಾಗಕ್ಕೆ ನಾನು. ನಿಮ್ಮ ಮೂರನೇ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ.

ಬ್ರಿಟಿಷ್ ಭಾರತದ ಸೇನೆ ಮೆಸೊಪೊಟೇಮಿಯಾಕ್ಕೆ ಹೋದದ್ದು ಐ.ಇ.ಎಫ್. "ಡಿ" ಎಂಬ ಹೆಸರಿನಲ್ಲಿ. ("ಎ" ಫ್ರಾನ್ಸಿಗೆ, "ಬಿ" ಮತ್ತು "ಸಿ" ಪೂರ್ವ ಆಫ್ರಿಕಕ್ಕೆ, "ಇ" ಈಜಿಪ್ಟಿಗೆ, "ಜಿ" ಗಲಿಪೊಲಿಗೆ.) ಬಸ್ರಾ ಸಿಕ್ಕಿದ್ದು 1914ರ ನವೆಂಬರಿನಲ್ಲಿ, ಬಗ್ದಾದ್ 1917ರ ಮಾರ್ಚ್ 11ಕ್ಕೆ. ಜೊತೆಗೇ ಭಾರತದ ರೂಪಾಯಿ ಹೋಯಿತು, ಭಾರತದ ಅಂಚೆ ಸಿಬ್ಬಂದಿ ಹೋದರು. ಊರವರ ಪತ್ರಕ್ಕೆ ಮಾತ್ರ ಏನು ಹಚ್ಚಬೇಕು? ಜಾರ್ಜ್ ತಲೆಯ ಭಾರತದ ಸ್ಟಾಂಪನ್ನೇ ಮಾರಿದರೆ ನಾಡನ್ನು ಭಾರತಕ್ಕೆ ಸೇರಿಸಿಕೊಂಡ ಹಾಗೆ ಕಾಣುತ್ತದೆ. ಯುದ್ಧದ ನಡುವೆ ಹಿಡಿದ ನೆಲ ಹಿಡಿದವನ ಸ್ವತ್ತಾಗುವುದಿಲ್ಲ, ಆಡಳಿತ ಮಾತ್ರ ತಾತ್ಕಾಲಿಕವಾಗಿ ಅವನ ಕೈಯಲ್ಲಿರುತ್ತದೆ. 1907ರ ಹೇಗ್ ನಿಯಮಗಳು ನಿಂತಿರುವುದೇ ಈ ತತ್ವದ ಮೇಲೆ. ಸ್ಟಾಂಪಿನ ಮೇಲಿನ "ಇನ್ ಬ್ರಿಟಿಷ್ ಆಕ್ಯುಪೇಶನ್" ಅನ್ನುವ ಉದ್ದನೆಯ ಮಾತು ಈ ಲೆಕ್ಕಾಚಾರದಿಂದ ಬಂದದ್ದು. ಆಫ್ರಿಕದ ಟೋಗೋದಲ್ಲಿ "ಆಂಗ್ಲೋ-ಫ್ರೆಂಚ್ ಆಕ್ಯುಪೇಶನ್" ಎಂದು ಒತ್ತಿದ್ದರಲ್ಲೂ ಇದೇ ಜಾಗರೂಕತೆ ಇದೆ.

ಎರಡನೆಯ ಕಾರಣ ಹಣ. ತುರ್ಕಿಯಲ್ಲಿ 40 ಪಾರಾ ಅಂದರೆ 1 ಪಿಯಾಸ್ಟರ್. ಇಲ್ಲಿ ಚಲಾವಣೆಗೆ ಬಂದದ್ದು ಅಣೆ-ರೂಪಾಯಿ. ಬೆಲೆ ಬದಲಿಸಿ ಒತ್ತದಿದ್ದರೆ ಕೌಂಟರಿನಲ್ಲಿ ಲೆಕ್ಕವೇ ಕೂಡುವುದಿಲ್ಲ. ಒಂದು ನಾಣ್ಯದಲ್ಲಿ ಅಗ್ಗಕ್ಕೆ ಕೊಂಡು ಇನ್ನೊಂದು ನಾಣ್ಯದ ಊರಲ್ಲಿ ಬಳಸುವ ದಂಧೆಯೂ ಶುರುವಾಗುತ್ತದೆ. ಮೂರನೆಯದು ಲೂಟಿ: ಓಡಿಹೋದ ಸರ್ಕಾರದ ಸ್ಟಾಂಪು ಯಾರ್ಯಾರ ಮನೆಯಲ್ಲಿ ಎಷ್ಟಿದೆಯೋ ಗೊತ್ತಿಲ್ಲ, ಮೇಲೆ ಒತ್ತಿದ್ದಕ್ಕೆ ಮಾತ್ರ ಬೆಲೆ ಎಂದರೆ ಉಳಿದದ್ದು ಬರೀ ಕಾಗದ. ನಾಲ್ಕನೆಯದು ಸಮಯ. ನ್ಯೂಜಿಲೆಂಡಿನವರು ಜರ್ಮನ್ ಸಮೋವಾ ಹಿಡಿದದ್ದು 1914ರ ಆಗಸ್ಟ್ 29, "ಜಿ.ಆರ್.ಐ." (ದೊರೆ, ಚಕ್ರವರ್ತಿ ಜಾರ್ಜ್ ಎಂಬುದರ ಲ್ಯಾಟಿನ್ ಸಂಕ್ಷೇಪ) ಒತ್ತಿದ ಸ್ಟಾಂಪು ಕೌಂಟರಿಗೆ ಬಂದದ್ದು ಸೆಪ್ಟೆಂಬರ್ 3. ಐದು ದಿನದಲ್ಲಿ ಹೊಸ ಸ್ಟಾಂಪಿನ ಚಿತ್ರವೂ ಬರೆದು ಮುಗಿಯುವುದಿಲ್ಲ.

ಈಗ ನಿಮ್ಮ ಚೀಟಿಗಳು. ಬಗ್ದಾದ್ ಓವರ್‌ಪ್ರಿಂಟ್ 1917ರ ಸೆಪ್ಟೆಂಬರ್ 1ರದ್ದು. ಊರಲ್ಲಿ ಸಿಕ್ಕ ತುರ್ಕಿ ಸ್ಟಾಂಪುಗಳನ್ನೇ ಬಳಸಿದ್ದರಿಂದ ಕೆಳಗೆ ಹತ್ತಾರು ಬಗೆ. ಎಷ್ಟೋ ಸ್ಟಾಂಪಿನಲ್ಲಿ ತುರ್ಕಿಯವರೇ ಮೊದಲು ಒತ್ತಿದ್ದ ಚಂದ್ರ-ನಕ್ಷತ್ರ ಇದ್ದು ಅದರ ಮೇಲೆ ಬ್ರಿಟಿಷರದು ಬಂದಿದೆ. ಓವರ್‌ಪ್ರಿಂಟಿನ ಮೇಲೆ ಓವರ್‌ಪ್ರಿಂಟ್. ಕ್ಯಾಟಲಾಗಿನಲ್ಲಿ 25 ನಮೂನೆ, ಸಂಖ್ಯೆ ತೀರ ಕಡಿಮೆ. ಆದರೆ ಒತ್ತಿದ ಮೌಲ್ಯ ನಾಲ್ಕೇ: ಕಾಲು, ಅರ್ಧ, 1 ಮತ್ತು 2 ಅಣೆ. 8 ಅಣೆಯ ಬಗ್ದಾದ್ ಎಂಬುದು ಇಲ್ಲ. ಯಾರೋ ಇರಾಕ್ ಸರಣಿಯ ಮೌಲ್ಯಪಟ್ಟಿ ನೋಡಿಕೊಂಡು ಬಗ್ದಾದ್ ಅಚ್ಚು ಮಾಡಿದ್ದಾರೆ.

ಇರಾಕ್ ಸರಣಿಗೆ ಹೆದರಬೇಡಿ. 1918ರ ಸೆಪ್ಟೆಂಬರ್ 1ರಿಂದ, ಕಾಲು ಅಣೆಯಿಂದ 10 ರೂಪಾಯಿವರೆಗೆ 14 ಮೌಲ್ಯ. 1914ರ ತುರ್ಕಿ ಚಿತ್ರ ಸ್ಟಾಂಪುಗಳನ್ನು ಅಚ್ಚು ಮಾಡಿಕೊಟ್ಟಿದ್ದೇ ಲಂಡನ್ನಿನ ಬ್ರಾಡ್ಬರಿ ವಿಲ್ಕಿನ್ಸನ್ ಕಂಪನಿ. ಯುದ್ಧದಲ್ಲಿ ಶತ್ರುವಾದ ಗಿರಾಕಿಯ ಫಲಕಗಳು ಅವರ ಕಪಾಟಿನಲ್ಲೇ ಇದ್ದವು. ಅದರಿಂದಲೇ ಹೊಸದಾಗಿ ಅಚ್ಚು ತೆಗೆದು, ಅಲ್ಲೇ ಇಂಗ್ಲಿಷ್ ಅಕ್ಷರ ಒತ್ತಿ ಕಳಿಸಿದರು. ಸುಲ್ತಾನನ ರಾಜಧಾನಿಯ ಚಿತ್ರ, ಇಂಗ್ಲಿಷ್ ಒಕ್ಕಣೆ, ಭಾರತದ ಅಣೆ! ಇಡೀ ಆಕ್ರಮಣ ಅಂಚೆಯಲ್ಲಿ ಇದಕ್ಕಿಂತ ವಿಚಿತ್ರವಾದದ್ದು ಕಡಿಮೆ. ಒಳ್ಳೆ ಅಚ್ಚುಕೂಟದ ಕೆಲಸವಾದ್ದರಿಂದ ಅಕ್ಷರ ಚೊಕ್ಕ, ಐದರಲ್ಲೂ ಒಂದೇ ಮಟ್ಟ ಇರಬೇಕು. ಸಣ್ಣ ಮೌಲ್ಯದವು ಅಗ್ಗ, ಯಾರೂ ನಕಲಿಗೆ ಕೈ ಹಾಕುವುದಿಲ್ಲ. "ಆನ್ ಸ್ಟೇಟ್ ಸರ್ವಿಸ್" ಎಂದು ಇನ್ನೊಂದು ಸಾಲು ಇದ್ದರೆ ಅದು 1920ರಿಂದ ಬಂದ ಸರ್ಕಾರಿ ಕಾಗದಪತ್ರದ್ದು. 1923ರಲ್ಲಿ ಇರಾಕಿನ ಸ್ವಂತ ಸ್ಟಾಂಪು ಬಂದಮೇಲೆ ಇವು ನಿಂತವು.

ಲಾಟಿನಲ್ಲಿ ಮೊಸುಲ್ ಇಲ್ಲದಿದ್ದರೂ ಹೇಳುತ್ತೇನೆ, ಇದೇ ಗುಂಪಿನಲ್ಲಿ ಸಿಗುತ್ತಿರುತ್ತದೆ: ತುರ್ಕಿ ಕಂದಾಯ ಚೀಟಿಯ ಮೇಲೆ "ಪೋಸ್ಟೇಜ್ ಐ.ಇ.ಎಫ್. 'ಡಿ'" ಮತ್ತು ಅಣೆ, 1919ರ ಫೆಬ್ರವರಿ. ಅಂಚೆಚೀಟಿ ಅಲ್ಲದ್ದನ್ನು ಅಂಚೆಚೀಟಿ ಮಾಡಬೇಕಾಗಿದ್ದರಿಂದಲೇ "ಪೋಸ್ಟೇಜ್" ಎಂಬ ಪದ. ಭಾರತದ ಸ್ಟಾಂಪಿನ ಮೇಲಿನ ಬರೀ ಐ.ಇ.ಎಫ್. ಜೊತೆ ಇದನ್ನು ಬೆರೆಸಬೇಡಿ.

ಕಡಲತಡಿ:

ನೀರಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಚಿಕ್ಕದಾಗಿ: ಯಾವುದನ್ನೂ ನೆನೆಸಬೇಡಿ.

ಮೊದಲನೆಯದು, ಸರಕು ಇನ್ನೂ ನಿಮ್ಮದಲ್ಲ. ಎರಡನೆಯದು, ಮಲಯಾದ ಚೌಕ ಠಸ್ಸೆ ರಬ್ಬರ್ ಸ್ಟಾಂಪಿನ ಮಸಿಯಂಥದ್ದು. ನೇರಳೆ ಬಣ್ಣದ್ದು ನೀರು ತಾಕಿದ ಕೂಡಲೇ ಬಿಡುತ್ತದೆ, ಹತ್ತು ನಿಮಿಷದಲ್ಲಿ ಬಟ್ಟಲೆಲ್ಲ ನೇರಳೆ, ಸ್ಟಾಂಪು ಬೋಳು. ಕೆಂಪಿಗೂ ಭರವಸೆ ಇಲ್ಲ. ಕೆಳಗಿನ ಮಲಯಾ ಸ್ಟಾಂಪು ಸುಣ್ಣದ ಲೇಪದ ಕಾಗದದ್ದಾದರೆ ಸ್ಟಾಂಪಿನ ಬಣ್ಣವೂ ಜೊತೆಗೆ ಹೋಗುತ್ತದೆ. ಮೂರನೆಯದು, ಐ.ಇ.ಎಫ್. ತುಂಡಿನ ಮೇಲಿದ್ದರೆ ಆ ತುಂಡಿಗೇ ಬೆಲೆ. ಠಸ್ಸೆಯ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ ಇರುತ್ತದೆ. ಫೀಲ್ಡ್ ಪೋಸ್ಟ್ ಆಫೀಸಿನ ನಂಬರು ಕಾಗದದ ಕಡೆ ಇದ್ದು ನೀವು ಬಿಡಿಸಿ ಎಸೆದರೆ, ಆ ಚೀಟಿ ಫ್ರಾನ್ಸಿನಲ್ಲಿ ಬಳಕೆಯಾಯಿತೋ ಬಸ್ರಾದಲ್ಲೋ ಇನ್ನು ಯಾರೂ ಹೇಳಲಾರರು.

ವಾಟರ್‌ಮಾರ್ಕ್ ನೋಡಲು: ಕಪ್ಪು ತಟ್ಟೆ, ಸ್ಟಾಂಪು ಬೋರಲು, ಸಿಗರೇಟ್ ಲೈಟರಿಗೆ ತುಂಬುವ ದ್ರವ ಎರಡು ಮೂರು ಹನಿ. ಆರುವ ಮುಂಚೆ ಕೆಲವು ಸೆಕೆಂಡು ನಕ್ಷತ್ರ ಕಪ್ಪಾಗಿ ಎದ್ದು ಕಾಣುತ್ತದೆ. ಕಿಟಕಿ ತೆಗೆದಿರಲಿ, ಒಲೆ-ದೀಪ ದೂರ ಇರಲಿ. ಬಂಕಿನ ಪೆಟ್ರೋಲು, ಸೀಮೆಎಣ್ಣೆ ಬೇಡ, ಜಿಡ್ಡು ಉಳಿಯುತ್ತದೆ. ಐ.ಇ.ಎಫ್., ಸಿ.ಇ.ಎಫ್.ಗೆ ಇದು ಸಾಕು. ಕೈಠಸ್ಸೆ ಇರುವ ಮಲಯಾಕ್ಕೆ ಈ ದ್ರವವನ್ನೂ ಹಾಕಬೇಡಿ. ಮಾರುವವರನ್ನು ಕೇಳಿಯೇ ಮಾಡಿ.

ಠಸ್ಸೆಪ್ರಿಯ:

ಕೆಳಗಿನ ಸ್ಟಾಂಪು ಪಾಸಾಯಿತು ಅಂದುಕೊಳ್ಳಿ. ಮುಂದಿನ ಮೆಟ್ಟಿಲು: ಬಳಸಿದ ಸ್ಟಾಂಪಿನಲ್ಲಿ ಯಾವ ಮಸಿ ಮೇಲಿದೆ?

ಅಸಲಿಯಲ್ಲಿ ಕ್ರಮ ಹೀಗೆ: ಸ್ಟಾಂಪಿನ ಬಣ್ಣ, ಅದರ ಮೇಲೆ ಓವರ್‌ಪ್ರಿಂಟ್, ಎಲ್ಲಕ್ಕಿಂತ ಮೇಲೆ ಅಂಚೆ ಠಸ್ಸೆ. ನಕಲಿಗೆ ಅಗ್ಗದ ಹಳೇ ಬಳಸಿದ ಸ್ಟಾಂಪು ತಗೊಂಡಿದ್ದರೆ ಠಸ್ಸೆ ಕೆಳಗೆ, ಓವರ್‌ಪ್ರಿಂಟ್ ಮೇಲೆ. ಠಸ್ಸೆಯ ಗೆರೆ ಅಕ್ಷರವನ್ನು ದಾಟುವ ಜಾಗ ಹುಡುಕಿ. ಬೆಳಕು ಪಕ್ಕದಿಂದ ಬರಲಿ. ಅಚ್ಚಿನ ಮಸಿಗೆ ಎಣ್ಣೆಯ ಜಿಡ್ಡು, ತುಸು ಹೊಳಪು ಇರುತ್ತದೆ. ಅಕ್ಷರದ ಹೊಳಪು ಠಸ್ಸೆ ಗೆರೆಯ ಮೇಲೂ ಕಡಿಯದೆ ಸಾಗಿದ್ದರೆ ಅಕ್ಷರ ಆಮೇಲೆ ಬಂದದ್ದು. ಗೆರೆ ಅಕ್ಷರದ ಮೇಲೆ ಹಾಯುವಾಗ ತೆಳುವಾಗಿ, ಹನಿಹನಿಯಾಗಿ ಒಡೆದಿದ್ದರೆ ಠಸ್ಸೆ ಆಮೇಲೆ ಬಂದದ್ದು. ಜಿಡ್ಡಿನ ಮೇಲೆ ಠಸ್ಸೆ ಮಸಿ ಸರಿಯಾಗಿ ಕೂರುವುದಿಲ್ಲ.

10 ಪಟ್ಟಿನ ಗಾಜು ಅಂದಾಜಿಗೆ ಸರಿ. ತೀರ್ಮಾನಕ್ಕೆ 30 ಪಟ್ಟಿನದು ಬೇಕು. ಮೊಬೈಲಿಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ರೋಸ್ಕೋಪ್ ಆದರೂ ಆದೀತು.

ತಾರೀಖನ್ನೂ ಬಿಡಬೇಡಿ. ಓವರ್‌ಪ್ರಿಂಟ್ ಹೊರಬರುವ ಮುಂಚಿನ ತಾರೀಖಿನ ಠಸ್ಸೆ ಇದ್ದರೆ ಕಥೆ ಮುಗಿಯಿತು. ಊರಿನ ಹೆಸರೂ ಹಾಗೆಯೇ. ಐ.ಇ.ಎಫ್. ಮೇಲೆ ನಮ್ಮ ಯಾವುದೋ ತಾಲ್ಲೂಕಿನ ಅಂಚೆ ಕಚೇರಿ ಠಸ್ಸೆ ಇದ್ದರೆ ಅನುಮಾನಪಡಿ. ಅವು ರಣರಂಗದ ಅಂಚೆಗೆ ಇದ್ದವು, ಠಸ್ಸೆಯಲ್ಲಿ "ಫೀಲ್ಡ್ ಪೋಸ್ಟ್ ಆಫೀಸ್" ಜೊತೆ ನಂಬರು, ಅಥವಾ "ಬೇಸ್ ಆಫೀಸ್" ಎಂದು ನಿರೀಕ್ಷಿಸಬೇಕು.

ನೇರಳಾತೀತ ಟಾರ್ಚ್ ಕೊಳ್ಳುವ ಯೋಚನೆ ಇದ್ದರೆ 365 ನ್ಯಾನೋಮೀಟರಿನದು ತಗೊಳ್ಳಿ, 395ರದ್ದು ನೇರಳೆ ಬೆಳಕೇ ಜಾಸ್ತಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರಲಿಲ್ಲ, ಹಾಗಾಗಿ ನೀಲಿ-ಬಿಳಿಯಾಗಿ ಹೊಳೆಯಬಾರದು. ಆದರೆ ಇದು ಹಿಡಿಯುವುದು ಇಡಿಯಾಗಿ ನಕಲಾದ ಸ್ಟಾಂಪನ್ನು. ಅಸಲಿ ಸ್ಟಾಂಪಿನ ಮೇಲಿನ ಸುಳ್ಳು ಅಕ್ಷರಕ್ಕೆ ಈ ಟಾರ್ಚ್ ಹೆಚ್ಚೇನೂ ಹೇಳದು.

ಮೊಳೆಜೋಡಣೆ:

ಠಸ್ಸೆಪ್ರಿಯ ಅವರ ಮಸಿ ಕ್ರಮದ ಬಗ್ಗೆ ಸ್ವಲ್ಪ ತಕರಾರು. ಕಪ್ಪು ಓವರ್‌ಪ್ರಿಂಟ್, ಕಪ್ಪು ಠಸ್ಸೆ ಆದಾಗ ಕಣ್ಣು ಮೋಸ ಹೋಗುತ್ತದೆ. ಯಾವುದು ಹೆಚ್ಚು ಗಾಢವೋ ಅದೇ ಮೇಲಿದ್ದ ಹಾಗೆ ತೋರುತ್ತದೆ, ನಿಜವಾಗಿ ಕೆಳಗಿದ್ದರೂ. ಅಸಲಿ ಚೀಟಿಯನ್ನು ಇದೊಂದೇ ಆಧಾರದಲ್ಲಿ ನಕಲಿ ಎಂದು ತಳ್ಳಿಬಿಡುವವರನ್ನು ನೋಡುತ್ತಿರುತ್ತೇವೆ. ಬಣ್ಣ ಬೇರೆ ಇದ್ದಾಗ ಮಾತ್ರ ಅದನ್ನು ಸಾಕ್ಷಿ ಅನ್ನಿ.

ಅದಕ್ಕಿಂತ ಗಟ್ಟಿಯಾದದ್ದು ಒತ್ತಿದ ರೀತಿ. ಮೊಳೆ ಅಚ್ಚಿನಲ್ಲಿ ಲೋಹ ಕಾಗದವನ್ನು ಕಚ್ಚುತ್ತದೆ. ಅಕ್ಷರದ ಅಂಚಿನಲ್ಲಿ ಮಸಿ ಹಿಂಡಿ ಹೊರಬಂದು ದಪ್ಪ ಕಟ್ಟು ಆಗಿರುತ್ತದೆ, ನಡುವೆ ತುಸು ತೆಳು. ಅಂಟು ಇರುವ ಸ್ಟಾಂಪಾದರೆ ಹಿಂದೆ ಉಬ್ಬೂ ಕಾಣಬಹುದು. ಇಂಕ್‌ಜೆಟ್ ನಕಲಿಯಲ್ಲಿ ಅಂಚಿನ ತುಂಬ ಚಿಮ್ಮಿದ ಚುಕ್ಕೆ, ಮಸಿ ನಾರಿನುದ್ದಕ್ಕೆ ಹರಡಿರುತ್ತದೆ. ಲೇಸರ್ ನಕಲಿಯಲ್ಲಿ ಪ್ಲಾಸ್ಟಿಕ್ ಹೊಳಪು, ಕಾಗದದ ಮೇಲೆ ಕೂತಂತೆ, ಸುತ್ತ ಒಂಟೊಂಟಿ ಕಪ್ಪು ಪುಡಿ.

ಇನ್ನೊಂದು, ಒಂದೇ ಬಗೆಯ ಹಲವು ಚೀಟಿ ಇದ್ದರೆ ಪಕ್ಕಪಕ್ಕ ಇಟ್ಟು ನೋಡಿ. ಕೈಯಲ್ಲಿ ಮೊಳೆ ಜೋಡಿಸಿ ಇಡೀ ಹಾಳೆಗೆ ಒತ್ತಿದಾಗ ಹಾಳೆಯ ಒಂದೊಂದು ಜಾಗಕ್ಕೂ ಒಂದೊಂದು ಗುಂಪು ಮೊಳೆ. ಒಂದರಲ್ಲಿ ಅಕ್ಷರ ಸವೆದಿರುತ್ತದೆ, ಇನ್ನೊಂದರಲ್ಲಿ ಅಂತರ ಹೆಚ್ಚಿರುತ್ತದೆ. ರಬಾಲ್‌ನಲ್ಲಿ 1914ರ ಅಕ್ಟೋಬರಿನಲ್ಲಿ ಜರ್ಮನ್ ನ್ಯೂಗಿನಿ ಸ್ಟಾಂಪಿಗೆ "ಜಿ.ಆರ್.ಐ." ಒತ್ತಿದಾಗ ಅಕ್ಷರಕ್ಕೂ ಬೆಲೆಗೂ ನಡುವಿನ ಅಂತರ ಒಂದು ಜೋಡಣೆಯಲ್ಲಿ 6 ಮಿಲಿಮೀಟರ್, ಇನ್ನೊಂದರಲ್ಲಿ 5. ಸಂಗ್ರಾಹಕರು ಇವತ್ತಿಗೂ ಅವನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ನಕಲಿಗಾರನ ಬಳಿ ಇರುವುದು ಫೋಟೋದಿಂದ ಮಾಡಿದ ಒಂದೇ ಬ್ಲಾಕು. ಬೇರೆ ಬೇರೆ ಬೆಲೆಯ ಆರು ಸ್ಟಾಂಪಿನಲ್ಲೂ ಇ ಅಕ್ಷರದ ಅದೇ ಮೂಲೆ ಮುರಿದಿದ್ದರೆ ಅರ್ಥ ಮಾಡಿಕೊಳ್ಳಿ. ಕೈಠಸ್ಸೆಗೆ ಈ ತರ್ಕ ತಿರುವುಮುರುವು: ಅಲ್ಲಿ ಅಸಲಿಯೂ ಒಂದೇ ಠಸ್ಸೆ, ಆದ್ದರಿಂದ ಅದೇ ಊನ ಎಲ್ಲದರಲ್ಲೂ ಬರಬೇಕು.

ಅಳತೆಗೆ ಸ್ಕ್ಯಾನರನ್ನು 1200 ಡಿಪಿಐಗೆ ಇಡಿ, 1 ಮಿಲಿಮೀಟರಿಗೆ ಸುಮಾರು 47 ಪಿಕ್ಸೆಲ್ ಬರುತ್ತದೆ. ಪರಿಣತರ ಪ್ರಮಾಣಪತ್ರ ಇರುವ ಚೀಟಿಯ ಚಿತ್ರ ಅದೇ ಅಳತೆಗೆ ತಂದು ಅರೆಪಾರದರ್ಶಕವಾಗಿ ಮೇಲಿಡಿ. ಅಕ್ಷರದ ಎತ್ತರ ಹೊಂದಿ ಅಗಲ ಹೊಂದದಿದ್ದರೆ ಬೇರೆ ಮೊಳೆ. ಮೊಬೈಲ್ ಫೋಟೋದಲ್ಲಿ ಇದನ್ನು ಮಾಡಬೇಡಿ, ಲೆನ್ಸಿನ ಓರೆಯಿಂದ ಎಲ್ಲ ಅಳತೆ ಕೆಡುತ್ತದೆ.

ಐರಾವತಿ:

ನವಿಲು ಮತ್ತು ಮಲಯಾ. ನಿಮ್ಮ ಲಾಟಿನ ಅಪಾಯದ ಭಾಗ ಇದೇ.

ಬರ್ಮಾ ಸ್ಟಾಂಪಿನ ಕಥೆಯೇ ಓವರ್‌ಪ್ರಿಂಟಿನಿಂದ ಶುರು. 1937ರ ಏಪ್ರಿಲ್ 1ರಂದು ಭಾರತದಿಂದ ಬೇರೆಯಾದಾಗ ಐದನೇ ಜಾರ್ಜ್ ಸ್ಟಾಂಪಿನ ಮೇಲೆ "ಬರ್ಮಾ" ಎಂದು ಒತ್ತಿದರು. 1938ರ ನವೆಂಬರಿನಲ್ಲಿ ಆರನೇ ಜಾರ್ಜ್ ಇರುವ ಸ್ವಂತ ಸರಣಿ ಬಂತು. ಅದರ ವಾಟರ್‌ಮಾರ್ಕ್ ಆನೆ ತಲೆ. ಜಪಾನಿನ ಸೇನೆ ರಂಗೂನಿಗೆ ಬಂದದ್ದು 1942ರ ಮಾರ್ಚ್ 8. ಬರ್ಮಾ ಇಂಡಿಪೆಂಡೆನ್ಸ್ ಆರ್ಮಿ ಅವರ ಜೊತೆಗಿತ್ತು. ಐರಾವತಿ ಮುಖಜಭೂಮಿಯ ಮ್ಯಾಂಗ್‌ಮ್ಯ, ಪ್ಯಾಪೊನ್, ಹೆಂಜಾಡ ಕಡೆಗಳಲ್ಲಿ ಸಿಕ್ಕ ಬ್ರಿಟಿಷ್ ಬರ್ಮಾ ಸ್ಟಾಂಪಿನ ಮೇಲೆ, "ಸರ್ವಿಸ್" ಎಂದಿರುವ ಸರ್ಕಾರಿ ಬಳಕೆಯದನ್ನೂ ಬಿಡದೆ, ನವಿಲನ್ನು ಒತ್ತಿದರು. ನವಿಲು ಬರ್ಮಾದ ರಾಜಲಾಂಛನ. ರಾಜನ ಮುಖದ ಮೇಲೆಯೇ ಅದು ಬಿದ್ದಿರುವುದು ಆಕಸ್ಮಿಕ ಅಲ್ಲ.

ಕೆಳಗಿನ ಸ್ಟಾಂಪಿನ ಪರೀಕ್ಷೆ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಐದನೇ ಜಾರ್ಜ್ ಮೇಲೆ ನವಿಲಿದ್ದರೆ ನವಿಲಿನ ಅಡಿಯಲ್ಲಿ "ಬರ್ಮಾ" ಒತ್ತಿರಬೇಕು, ಕಾಗದ ಹಲವು ನಕ್ಷತ್ರದ್ದಾಗಿರಬೇಕು (ಮೇಲೆ ಐ.ಇ.ಎಫ್.ಗೆ ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ). ಆರನೇ ಜಾರ್ಜ್ ಆದರೆ ಆನೆ ತಲೆ. ಬರೀ ಭಾರತದ ಸ್ಟಾಂಪಿನ ಮೇಲೆ ನವಿಲಿದ್ದರೆ ಕೈಬಿಡಿ. ಆದರೆ ಪರೀಕ್ಷೆ ಪಾಸಾದರೂ ನೆಮ್ಮದಿ ಇಲ್ಲ. 1938ರ ಸಣ್ಣ ಮೌಲ್ಯದ ಸ್ಟಾಂಪುಗಳು ಈಗಲೂ ಕೈಗೆಟಕುವ ಬೆಲೆಗೆ ಸಿಗುತ್ತವೆ, ನಕಲಿಗಾರನಿಗೆ ಸರಿಯಾದ ಕೆಳಸ್ಟಾಂಪಿಗೆ ಕೊರತೆಯೇ ಇಲ್ಲ. ನವಿಲಿನ ನಕಲಿ ರಾಶಿ ರಾಶಿ ಇದೆ, ಕೆಲವಂತೂ ಚೆನ್ನಾಗಿಯೇ ಇವೆ. ತಲೆಕೆಳಗಾದ ನವಿಲು, ಎರಡು ಸಲ ಒತ್ತಿದ ನವಿಲು ಎಂದು ಆಸೆ ತೋರಿಸಿದರೆ ಇನ್ನೂ ಎಚ್ಚರ. ಪ್ರಮಾಣಪತ್ರ ಇಲ್ಲದ ನವಿಲಿಗೆ ಕೆಳಗಿನ ಸ್ಟಾಂಪಿನ ಬೆಲೆಯಷ್ಟೇ ಕೊಡಿ.

ನಂತರದ್ದು ಇಷ್ಟು: 1942ರ ಜೂನ್‌ನಲ್ಲಿ ಯಾನೋ ಎಂಬ ಜಪಾನಿ ಅಧಿಕಾರಿಯ ಸ್ವಂತ ಮುದ್ರೆಯನ್ನೇ ಸ್ಟಾಂಪಾಗಿ ಒತ್ತಿದರು, ಬೆಲೆಯ ಅಂಕಿಯೂ ಇಲ್ಲ. ಆಮೇಲೆ ಜಪಾನಿನ ಸ್ಟಾಂಪಿನ ಮೇಲೆ ಅಣೆ, ಅದಾದ ಮೇಲೆ ರೂಪಾಯಿಗೆ ನೂರು ಸೆಂಟಿನ ಲೆಕ್ಕ. ಬ್ರಿಟಿಷರು ವಾಪಸ್ ಬಂದಮೇಲೆ 1945ರ ಜೂನ್ 16ಕ್ಕೆ ಅದೇ 1938ರ ಸ್ಟಾಂಪು "ಮಿಲಿ. ಅಡ್ಮಿನ್." (ಮಿಲಿಟರಿ ಅಡ್ಮಿನಿಸ್ಟ್ರೇಶನ್) ಎಂದು ಒತ್ತಿಸಿಕೊಂಡು ಬಂತು. ಒಂದೇ ಸ್ಟಾಂಪಿಗೆ ಎರಡು ಕಡೆಯವರ ಮಸಿ.

ಮಲಯಾ: ಸಿಂಗಾಪುರ ಬಿದ್ದದ್ದು 1942ರ ಫೆಬ್ರವರಿ 15, ಅಂಚೆ ಕಚೇರಿ ತೆರೆದದ್ದು ಮಾರ್ಚ್ 16. ಮೊದಲು ಒಂದು ಗೆರೆಯ ಚೌಕಟ್ಟಿನ ಠಸ್ಸೆ, ಏಪ್ರಿಲಿನಿಂದ ಎರಡು ಗೆರೆಯದು. ಒಳಗಿನ ಅಕ್ಷರಕ್ಕೆ ಮಲಯಾ ಸೈನಿಕ ಆಡಳಿತದ ಅಂಚೆ ವಿಭಾಗದ ಮುದ್ರೆ ಎಂದು ಅರ್ಥ. ಎಲ್ಲವೂ ಕೈಯಲ್ಲಿ ಒತ್ತಿದ್ದು. ಕೆಂಪು, ಕಪ್ಪು, ನೇರಳೆ, ಕಂದು, ಸಿಕ್ಕ ಮಸಿ. ಹಾಗಾಗಿ ಓರೆಯಾಗಿದೆ, ಬಣ್ಣ ಬೇರೆ ಎಂಬ ಕಾರಣಕ್ಕೆ ನಕಲಿ ಎನ್ನಲಾಗದು, ಅಸಲಿ ಎನ್ನಲೂ ಆಗದು. ಚೌಕಟ್ಟಿನ ಗೆರೆ ಎಲ್ಲಿ ಕಡಿದಿದೆ, ಅಕ್ಷರದ ಗೆರೆಗಳು ಒಂದನ್ನೊಂದು ಎಲ್ಲಿ ಮುಟ್ಟುತ್ತವೆ ಎಂಬುದನ್ನು ಹೋಲಿಸಿಯೇ ಹೇಳಬೇಕು. ಮುಂದೆ ಯಂತ್ರದಲ್ಲಿ ಒತ್ತಿದ "ದಾಯ್ ನಿಪ್ಪಾನ್ 2602 ಮಲಯಾ" ಬಂತು. 2602 ಜಪಾನಿ ಸಾಮ್ರಾಜ್ಯ ವರ್ಷ, ನಮ್ಮ 1942. ಕಲಿಯಲು ಅದು ಒಳ್ಳೆಯದು, ಅಕ್ಷರ ಸ್ಪಷ್ಟ, ಸಾಮಾನ್ಯ ಮೌಲ್ಯದವು ಅಗ್ಗ.

ಅಣೆಪೈಸೆ:

ಎಲ್ಲರಿಗೂ ಧನ್ಯವಾದ. ಒಪ್ಪಿಗೆ ತಗೊಂಡು ಐ.ಇ.ಎಫ್. ಆರರಲ್ಲಿ ಬಿಡಿಯಾಗಿರುವ ನಾಲ್ಕನ್ನು ಕಪ್ಪು ತಟ್ಟೆಯಲ್ಲಿ ನೋಡಿದೆ. ಮೂರರಲ್ಲಿ ಒಂಟಿ ನಕ್ಷತ್ರ, ಒಂದರಲ್ಲಿ (2 ಅಣೆ) ನಕ್ಷತ್ರಗಳ ಸಾಲು. ಚಾಕೊಲೇಟ್ ಒಂಟಿ ನಕ್ಷತ್ರದ ಮೂರರಲ್ಲಿ ಒಂದು, ಆದರೆ ಅಂಚಿನಲ್ಲೂ ಕೆಂಪು ಇಲ್ಲ. ಚುಕ್ಕೆ ಇಲ್ಲದ್ದು ಲಕೋಟೆ ತುಂಡಿನ ಮೇಲಿದೆ, ನಾರು ಎದ್ದಿಲ್ಲ. ಹಡಗಿನ ಸಿ.ಇ.ಎಫ್. ಮೇಲೆ ಬೆಲೆ ಒತ್ತಿಲ್ಲ, ಬರೀ ಮೂರು ಅಕ್ಷರ. ನವಿಲು ಆರರಲ್ಲಿ ಎರಡು ತಲೆಕೆಳಗು. ಚುಕ್ಕೆ ಇಲ್ಲದ್ದರ ತುಂಡಿನ ಠಸ್ಸೆಯಲ್ಲಿ ಎಫ್.ಪಿ.ಒ. (ಫೀಲ್ಡ್ ಪೋಸ್ಟ್ ಆಫೀಸ್) ಎಂದಿದೆ, ನಂಬರು ಅರ್ಧ. ಮಾರುವವರು ಇದು ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆಪಡೆ) ಬಗ್ದಾದ್‌ನಿಂದ ಕಳಿಸಿದ್ದು ಎನ್ನುತ್ತಾರೆ.

ದಜ್ಲಾದಂಡೆ:

ಮೈಸೂರು ಲ್ಯಾನ್ಸರ್ಸ್ ಇದ್ದದ್ದು ಈಜಿಪ್ಟ್, ಸೂಯೆಜ್, ಪ್ಯಾಲೆಸ್ಟೈನ್ ಕಡೆ. 1918ರ ಸೆಪ್ಟೆಂಬರ್ 23ರ ಹೈಫಾ ದಾಳಿಯಲ್ಲಿ ಜೋಧಪುರದವರ ಜೊತೆಗಿದ್ದರು. ಬಗ್ದಾದ್ ಕಥೆ ಬೆಲೆ ಏರಿಸಲು ಹೊಲಿದದ್ದು. ನಂಬರಿನ ಅರ್ಧ ಭಾಗ ಮತ್ತು ತಾರೀಖು ಎರಡೂ ಓದಲು ಬಂದರೆ ಫೀಲ್ಡ್ ಪೋಸ್ಟ್ ಆಫೀಸು ಆ ತಿಂಗಳು ಎಲ್ಲಿತ್ತೆಂದು ಪಟ್ಟಿಯಲ್ಲಿ ಹುಡುಕಬಹುದು. ಕಚೇರಿ ಪಡೆಯ ಜೊತೆ ಊರೂರು ಸಾಗುತ್ತಿತ್ತು, ಆದ್ದರಿಂದ ತಾರೀಖಿಲ್ಲದೆ ಬರೀ ನಂಬರಿನಿಂದ ಊರು ಹೇಳಬೇಡಿ.

ಮೊಳೆಜೋಡಣೆ:

2 ಅಣೆ ಮತ್ತು ಚಾಕೊಲೇಟ್ ಹೋದವು. ಬೆಲೆ ಇಲ್ಲದ ಹಡಗೂ ಹೋಯಿತು, ಬ್ರಿಟಿಷರ ಕಮೆರೂನ್ ಸರಣಿ ಪೂರ್ತಿ ಬೆಲೆ ಒತ್ತಿದ್ದೇ. ಉಳಿದ ನಾಲ್ಕು ಐ.ಇ.ಎಫ್., ಎರಡು ಚೈನಾ, ಐದು ಇರಾಕ್: ಈ ಹನ್ನೊಂದಕ್ಕೆ ಮಾತ್ರ ಲೆಕ್ಕ ಹಾಕಿ ಬೆಲೆ ಹೇಳಿ. ಚುಕ್ಕೆ ಇಲ್ಲದ್ದು ತುಂಡಿನ ಸಮೇತ ಹಾಗೇ ಇರಲಿ.

ಐರಾವತಿ:

ನವಿಲಿನಲ್ಲಿ ಆರಕ್ಕೆ ಎರಡು ತಲೆಕೆಳಗು ಅಂದರೆ ಅಚ್ಚುಗಾರನ ತಪ್ಪಲ್ಲ, ಮಾರುವವನ ಲೆಕ್ಕ. ಆರನ್ನೂ ವಾಪಸ್ ಕೊಡಿ. ಮಲಯಾದ ಎರಡನ್ನು ಬಿಡಲು ಮನಸ್ಸಿಲ್ಲದಿದ್ದರೆ "ಪರಿಣತರು ನಕಲಿ ಎಂದರೆ ಹಣ ವಾಪಸ್" ಎಂದು ಬರವಣಿಗೆಯಲ್ಲಿ ತಗೊಂಡು ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ಪರಿಣತ ಸಮಿತಿಗೋ ಸ್ಟಾಂಪು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಬಿಪಿಎ ಸಂಸ್ಥೆಗೋ ಕಳಿಸಿ. ಶುಲ್ಕ ಸ್ಟಾಂಪಿನ ಬೆಲೆಗಿಂತ ಜಾಸ್ತಿಯಾದರೆ ಕಳಿಸುವುದರಲ್ಲಿ ಅರ್ಥವಿಲ್ಲ, ಅದನ್ನು ಮೊದಲೇ ವಿಚಾರಿಸಿ. ಸ್ಟಾಂಪಿನ ಹಿಂದೆ ಹಳೇ ಹಿಂಜ್ (ಆಲ್ಬಮ್ಮಿಗೆ ಅಂಟಿಸುವ ಸಣ್ಣ ಕಾಗದದ ತುಂಡು) ಇದ್ದರೆ ಕೀಳಬೇಡಿ, ಇದ್ದ ಹಾಗೇ ಕಳಿಸಿ.

ಕಡಲತಡಿ:

ಕಳಿಸುವವರೆಗೆ ಪಿವಿಸಿ ಪೌಚಿನಲ್ಲಿ ಇಡಬೇಡಿ. ಅದರ ಎಣ್ಣೆ ಆ ಕೆಂಪು-ನೇರಳೆ ಮಸಿಯನ್ನು ಎಳೆದುಕೊಂಡು ಪೌಚಿಗೇ ಅಂಟಿಸಿಕೊಳ್ಳುತ್ತದೆ. ಗ್ಲಾಸಿನ್ (ನಯವಾದ ಅರೆಪಾರದರ್ಶಕ ಕಾಗದ) ಲಕೋಟೆ, ಜೊತೆಗೆ ಡಬ್ಬಿಯಲ್ಲಿ ಒಂದು ಸಿಲಿಕಾ ಜೆಲ್ ಪೊಟ್ಟಣ. ನೀವು ಕರಾವಳಿಯವರಾದರೆ ಮಳೆಗಾಲದಲ್ಲಿ ಪೊಟ್ಟಣವನ್ನು ತಿಂಗಳಿಗೊಮ್ಮೆ ಬದಲಿಸಿ.